ಸಹಾಯ ಬೇಕು: ಒಂಟಿಯಾಗಿ ಬಿಟ್ಟರೆ ಮರಿ ತುಂಬಾ ಅಳುತ್ತದೆ

ಎಲ್ಲರಿಗೂ ನಮಸ್ಕಾರ. ನಮ್ಮ ನಾಯಿಮರಿಗೆ ಈಗ 4 ತಿಂಗಳು. ಲಸಿಕೆ ಸಮಯಕ್ಕೆ ಸರಿಯಾಗಿ ಆಗಿದೆ, ಚೆನ್ನಾಗಿ ತಿನ್ನುತ್ತದೆ. ಹಾಲುಹಲ್ಲು ಬೀಳುವ ವಯಸ್ಸು, ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಅದಕ್ಕೆ ಅಗಿಯುವ ಆಟಿಕೆ ಕೊಟ್ಟಿದ್ದೇವೆ. ನನ್ನ ಚಿಂತೆ ಬೇರೆ.

ನಾನು ಚಪ್ಪಲಿ ಹಾಕಿಕೊಂಡರೆ ಸಾಕು, ಕಿವಿ ಹಿಂದಕ್ಕೆ ಹೋಗುತ್ತದೆ, ಬಾಲ ಕಾಲ ಸಂದಿಗೆ ಸೇರುತ್ತದೆ. ಬಾಗಿಲು ಹಾಕಿದ ಮೇಲೆ ಒಂದೇ ಸಮನೆ ಅಳು. ನಿನ್ನೆ ವಾಪಸ್ ಬಂದು ನೋಡಿದರೆ ಬಾಗಿಲ ಕೆಳಗೆಲ್ಲ ಉಗುರಿನ ಗೀರು, ನೆಲದ ಮೇಲೆ ಜೊಲ್ಲು. ಕರುಳು ಚುರ್ ಎಂದಿತು. ಬೈಯಲಿಲ್ಲ. ಆಮೇಲೆ ಬೈದರೆ ಯಾಕೆಂದು ಅದಕ್ಕೆ ಗೊತ್ತಾಗುವುದಿಲ್ಲ, ಭಯ ಇನ್ನೂ ಜಾಸ್ತಿ ಆಗುತ್ತದೆ, ಅಲ್ವಾ?

ಈಗ ದಿನಕ್ಕೆ ನಾಲ್ಕೈದು ಸಲ ಸುಮ್ನೆ ಚಪ್ಪಲಿ ಹಾಕಿಕೊಂಡು ಒಳಗೇ ಕೂರುತ್ತೇನೆ. ಆಮೇಲೆ 30 ಸೆಕೆಂಡ್ ಹೊರಗೆ ನಿಂತು, ಅಳು ಶುರುವಾಗುವ ಮುಂಚೆ ಒಳಗೆ ಬರುತ್ತೇನೆ. ಇಷ್ಟಕ್ಕೆ ಸಮಾಧಾನವಾಗಿರುತ್ತದೆ. 2 ನಿಮಿಷ ದಾಟಿದರೆ ಮತ್ತೆ ಅದೇ ಕಥೆ.

ಹೀಗೆ ಕಲಿಸಿದವರು ಯಾರಾದರೂ ಇದ್ದೀರಾ? ಸಮಯವನ್ನು ಎಷ್ಟೆಷ್ಟು ಹೆಚ್ಚಿಸುತ್ತಾ ಹೋದಿರಿ? ಕಲಿಯುವವರೆಗೂ ಯಾರಾದರೂ ಜೊತೆಗೆ ಇರಲೇಬೇಕಾ? ಹೊರಡುವ ಮುಂಚೆ ಓಡಾಡಿಸಿ ಸುಸ್ತು ಮಾಡಿದರೆ ಮಲಗುತ್ತದಾ? ಇನ್ನೊಂದು ಮರಿ ತನ್ನಿ ಎನ್ನಬೇಡಿ, ಇದಕ್ಕೇ ಮೊದಲು ಧೈರ್ಯ ಬರಬೇಕು. ದಯವಿಟ್ಟು ನಿಮ್ಮ ಅನುಭವ ಹೇಳಿ.