ಅಜ್ಜನ ಉಲ್ಲನ್ ಕುಪ್ಯಕ್ಕೆ (ಕೊಡವರ ಉದ್ದ ಕೋಟಿಗೆ) ನುಸಿ ಹಿಡಿದಿದೆ, ಗೋಡೆ ಮೇಲಿನ ಹುಳನೇ ಕಾರಣನಾ?

ವಿರಾಜಪೇಟೆ ಹುಡುಗಿ:
ಪುತ್ತರಿ ಸುಗ್ಗಿ ಹಬ್ಬಕ್ಕೆ ಅಂತ ಟ್ರಂಕಿಂದ ಅಜ್ಜನ ಕಪ್ಪು ಕುಪ್ಯ ತೆಗೆದ್ರೆ ಬೆನ್ನಲ್ಲೆಲ್ಲ ತೂತು, ಕಂಕುಳ ಹೊಲಿಗೆ ಸಂದೀಲಿ ಅಕ್ಕಿಕಾಳಿನಷ್ಟುದ್ದ ಕಪ್ಪು ಕೊಳವೆಗಳು, ಒಂದನ್ನ ಬಿಡಿಸಿದ್ರೆ ಒಳಗೆ ಬಿಳಿ ಹುಳ. ತುಂಬಾ ಬೇಜಾರಾಯ್ತು. ಬಾತ್‌ರೂಮ್ ಗೋಡೆ ಮೇಲೆ ಬೂದು ಬಣ್ಣದ ಗೂಡು ಎಳ್ಕೊಂಡು ಹೋಗುತ್ತಲ್ಲ, ಅದೇನಾ ಇದು? ಮನೆಗೆಲ್ಲ ಸ್ಪ್ರೇ ಹೊಡೆಸ್ಬೇಕಾ? ನುಸಿಗುಳಿಗೆ ಹಾಕೋಕೆ ಅಮ್ಮ ಬಿಡ್ತಿಲ್ಲ, ಅಕ್ಕನ ಪಾಪು ಇದೆ ಅಂತ.

ತೋಟದ ಕೀಟ:
ಅದಲ್ಲ ಇದು. ಗೋಡೇದು ಫೆರಿಯೋಯಿಕಾ ಅನ್ನೋ ಬೇರೆ ನುಸಿಯ ಹುಳ, ಅದರ ಗೂಡು ಚಪ್ಪಟೆ, ಹೆಚ್ಚಾಗಿ ಹಳೇ ಜೇಡರ ಬಲೆ, ಉದುರಿದ ಕೂದಲು ತಿನ್ನುತ್ತೆ. ನಿಮ್ಮದು ಟಿನಿಯಾ ಜಾತೀದು ಅನ್ಸುತ್ತೆ, ತಿನ್ನೋ ಬಟ್ಟೆ ನೂಲಲ್ಲೇ ಗೂಡು ಕಟ್ಟುತ್ತೆ, ಅದಕ್ಕೇ ಕಪ್ಪು. ಗೋಡೆಗೆ ಸ್ಪ್ರೇ ಹೊಡೆದು ಪ್ರಯೋಜನ ಇಲ್ಲ. ಅಮ್ಮ ಹೇಳಿದ್ದು ಸರಿ, ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಇರೋ ಮಕ್ಕಳಿಗೆ ನುಸಿಗುಳಿಗೆಯ ನ್ಯಾಫ್ತಲೀನ್ ತಾಗಿದ್ರೆ ಕೆಂಪು ರಕ್ತಕಣ ಒಡೆದುಹೋಗುತ್ತೆ. ಬಿಸಿಲಲ್ಲಿ ಹೊಲಿಗೆ ಸಂದಿಯೆಲ್ಲ ಬ್ರಷ್ ಮಾಡಿ, ಪ್ಲಾಸ್ಟಿಕ್ ಕವರಲ್ಲಿ ಗಾಳಿ ತೆಗೆದು ಕಟ್ಟಿ, ಮೈನಸ್ 18 ಡಿಗ್ರಿ ಫ್ರೀಜರಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ತಕ್ಷಣ ಕವರ್ ಬಿಚ್ಬೇಡಿ, ತಣ್ಣಗಿರೋ ಬಟ್ಟೆಗೆ ನೀರು ಹಿಡಿಯುತ್ತೆ.

ಪೊನ್ನಂಪೇಟೆ ಟು ಕ್ಯಾಲಿಫೋರ್ನಿಯಾ:
ಇಲ್ಲೂ ಈ ಜಾತೀದೇ ಒಂದಿದೆ, ಟಿನಿಯಾ ಆಕ್ಸಿಡೆಂಟೆಲ್ಲಾ ಅಂತ, ಚೇಂಬರ್ಸ್ ಅನ್ನೋರು 1880ರಲ್ಲಿ ಹೆಸರಿಟ್ಟಿದ್ದು, ಅಮೆರಿಕದ ಪಶ್ಚಿಮ ಭಾಗದ್ದು. ಗೂಬೆ ಇಲಿ ನುಂಗಿ ಆಮೇಲೆ ಕೂದಲು ಮೂಳೆ ಎಲ್ಲ ಉಂಡೆ ಮಾಡಿ ಕಕ್ಕುತ್ತಲ್ಲ, ಆ ಉಂಡೆ ಒಳಗೇ ಇದರ ಮರಿಹುಳ ಬೆಳೆಯುತ್ತೆ. ಬಟ್ಟೆ ಹಾಳು ಮಾಡೋ ಬೇರೆ ನುಸಿಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ಇದನ್ನ ಕೇಳೋರೇ ಕಮ್ಮಿ, ನನಗಂತೂ ಇದೇ ಮುಖ್ಯ ಅನ್ಸುತ್ತೆ ಯಾಕಂದ್ರೆ ಮನುಷ್ಯರು ಉಣ್ಣೆ ಹಾಕೋಕೆ ಮೊದಲು ಈ ಕುಟುಂಬದ ಹುಳಗಳು ಏನು ತಿಂದು ಬದುಕ್ತಿದ್ವು ಅಂತ ಇಲ್ಲಿ ಕಾಣುತ್ತೆ: ಕೂದಲು, ಪುಕ್ಕ, ಗೂಡಿನ ಕಸ. ಉಣ್ಣೆನೂ ಅದೇ ಕೆರಾಟಿನ್ ಅನ್ನೋ ಪ್ರೋಟೀನ್, ಹೆಚ್ಚಿನ ಪ್ರಾಣಿಗಳಿಗೆ ಅರಗಲ್ಲ, ಇವುಗಳ ಹೊಟ್ಟೇಲಿ ಅರಗುತ್ತೆ. ಹಾಗಾಗಿ ಟ್ರಂಕ್ ಒಂದನ್ನೇ ಕ್ಲೀನ್ ಮಾಡಿ ಬಿಡ್ಬೇಡಿ, ಹಂಚಿನ ಮನೆ ಆದ್ರೆ ಅಟ್ಟದಲ್ಲಿ ಇಲಿ ಗೂಡು, ಹಕ್ಕಿ ಗೂಡು ಇದೆಯಾ ನೋಡಿ.

ವಿರಾಜಪೇಟೆ ಹುಡುಗಿ:
ಅಣ್ಣ, ಹಂಚಿನ ಮನೆನೇ, ಅಟ್ಟದಲ್ಲಿ ಇಲಿ ಗೂಡಿದೆ, ಅದರ ತುಂಬ ಹಳೇ ಕಂಬಳಿ ಚೂರು, ಅದ್ರಲ್ಲೂ ಇದೇ ಕೊಳವೆಗಳು! ಎಲ್ಲ ತೆಗೆದು ಸುಟ್ವಿ. ಫ್ರೀಜರಲ್ಲಿದ್ದ ಪಂದಿ (ಹಂದಿಮಾಂಸ) ಅತ್ತೆ ಮನೆಗೆ ಹೋಯ್ತು, ಕುಪ್ಯ ಒಳಗೆ ಹೋಯ್ತು. ಮಡಿಕೇರಿ ಕಡೆ ಉಲ್ಲನ್‌ಗೆ ರಫು ಮಾಡೋರು ಯಾರಾದ್ರೂ ಗೊತ್ತಾ?