ಅಪ್‌ಡೇಟ್: ಮಾತ್ರೆಯಲ್ಲೇ ಮುಗಿಯಿತು, ಆರಾಮಿದ್ದೇನೆ

ಬಸುರಿ, ಆರೂವರೆ ವಾರ ಆಗಿದೆ, ಗರ್ಭ ತೆಗೆಸಬೇಕು, ಮೆಡಿಕಲ್ ಶಾಪಿಂದಲೇ ಮಾತ್ರೆ ತಂದು ನುಂಗಲಾ, ಗಂಡನ ಸಹಿ ಬೇಕಾ ಅಂತ ಇಲ್ಲಿ ಕೇಳಿದ್ದೆ. ಮೊದಲು ಸ್ಕ್ಯಾನ್ ಮಾಡಿಸು ಅಂದ ಅಕ್ಕನ ಮಾತೇ ಸರಿ. ಗರ್ಭ ಗರ್ಭಕೋಶದೊಳಗಲ್ಲದೆ ನಾಳದಲ್ಲಿ ನಿಂತಿದ್ದರೆ ಈ ಮಾತ್ರೆ ಕೆಲಸ ಮಾಡುವುದಿಲ್ಲ, ಜೀವಕ್ಕೇ ಅಪಾಯ. ಮನೆಮದ್ದು ಅಂತ ಕುಡಿದ ಎಳ್ಳಿನ ಕಷಾಯದಿಂದ ಏನೂ ಆಗಲಿಲ್ಲ.

ಕಾಸರಗೋಡಿನ ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರ ಮಲಯಾಳದಲ್ಲಿತ್ತು. ನರ್ಸಕ್ಕ ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದರು. 18 ದಾಟಿದವಳಿಗೆ ಅವಳ ಸಹಿಯೇ ಸಾಕು, ಗಂಡನದ್ದು ಬೇಡ. ಇದು ಗೊತ್ತೇ ಇರಲಿಲ್ಲ!

ಮೊದಲು ಗರ್ಭ ಬೆಳೆಯದಂತೆ ತಡೆಯುವ ಮಾತ್ರೆ, ಮಿಫೆಪ್ರಿಸ್ಟೋನ್ 200 ಮಿಲಿಗ್ರಾಂ. ಎರಡು ದಿನ ಬಿಟ್ಟು ಗರ್ಭ ಹೊರಹಾಕಿಸುವ ಮಿಸೊಪ್ರೊಸ್ಟಾಲ್ ನಾಲ್ಕು ಮಾತ್ರೆ, ಕೆನ್ನೆಯೊಳಗೆ ಅರ್ಧ ಗಂಟೆ, ಸೀಮೆಸುಣ್ಣ ಇಟ್ಟುಕೊಂಡ ಹಾಗೆ. ಚಳಿ ಬಂತು, ನೋವೂ ಜೋರಿತ್ತು. ಸತತ ಎರಡು ಗಂಟೆ, ಗಂಟೆಗೆ ಎರಡು ಪ್ಯಾಡ್ ಪೂರ್ತಿ ತೊಯ್ದರೆ ತಕ್ಷಣ ಬಾ ಅಂದಿದ್ದರು. ನನಗೆ ಅಷ್ಟಾಗಲಿಲ್ಲ. ನಿನ್ನೆ ಮತ್ತೆ ಸ್ಕ್ಯಾನ್ ಆಯಿತು, ಏನೂ ಉಳಿದಿಲ್ಲ.