ಪದ ಬೇಕು: ಡೆಸ್ಕ್‌ಟಾಪಿನ ಬೇಡದ ಅಲಂಕಾರಕ್ಕೆ (ಇವತ್ತೇ, ಸಂಜೆ ಆರರೊಳಗೆ)

ಹೊಸನಗರದಿಂದ, ಶುಕ್ರವಾರ ಬೆಳಗ್ಗೆ

ಎಲ್ಲರಿಗೂ ನಮಸ್ಕಾರ. ಭಾನುವಾರದ ಕಂಪ್ಯೂಟರ್ ತರಗತಿಗೆ ಒಂದು ಫ್ಲೆಕ್ಸ್ ಮಾಡಿಸುತ್ತಿದ್ದೇನೆ. ಶಿವಮೊಗ್ಗದ ಗೋಪಿ ಸರ್ಕಲ್ ಹತ್ತಿರದ ಅಂಗಡಿಯವರಿಗೆ ಇವತ್ತು ಸಂಜೆಯೊಳಗೆ ಬರಹ ಕಳಿಸಿದರೆ ನಾಳೆ ಬೆಳಗಿನ ಬಸ್ಸಿಗೆ ಹಾಕಿ ಕೊಡುತ್ತಾರೆ. ಒಂದೇ ಒಂದು ಪದದ ಹತ್ತಿರ ಗಾಡಿ ನಿಂತಿದೆ.

ನಮ್ಮಲ್ಲಿರುವುದು ಯಾರೋ ಬಳಸಿ ಬಿಟ್ಟ ಐದು ಯಂತ್ರ, ಎರಡೆರಡು ಜಿಬಿ ಮೆಮೊರಿ. ಅದರಲ್ಲಿ ವಿಂಡೋ ಹಿಡಿದು ಎಳೆದರೆ ತಟ್ಟೆಗೆ ಹಾಕಿದ ಹಾಲುಬಾಯಿ ಥರ ಅಲುಗಾಡುತ್ತದೆ. ಮೆನು ಒತ್ತಿದರೆ ಮಂಜಿನೊಳಗಿಂದ ಬಸ್ಸು ಬಂದ ಹಾಗೆ ನಿಧಾನಕ್ಕೆ ಮೂಡುತ್ತದೆ. ಕಳೆದ ವಾರ ಅರ್ಜಿ ಟೈಪ್ ಮಾಡಲು ಕಲಿಯುತ್ತಿದ್ದ ಅಮ್ಮ ಒಬ್ಬರು ಮೆನು ಬರಲಿಲ್ಲವೆಂದು ಇನ್ನೊಮ್ಮೆ ಒತ್ತಿದರು. ಅಷ್ಟರಲ್ಲಿ ಅದು ಬಂದಾಗಿತ್ತು, ಎರಡನೇ ಒತ್ತು ಸೀದಾ 'ಮುಚ್ಚು' ಮೇಲೆ ಬಿತ್ತು. ಅರ್ಧ ಗಂಟೆಯ ಬರಹ ಹೋಯಿತು.

ಈ ನೆರಳು, ಹೊಳಪು, ಕುಣಿತ ಎಲ್ಲಕ್ಕೂ ಸೇರಿಸಿ ಏನನ್ನುವುದು? ಇಂಗ್ಲಿಷಿನಲ್ಲಿ ಹೊಗಳುವಾಗ ಐ ಕ್ಯಾಂಡಿ, ಬೈಯುವಾಗ ಕ್ಲಟರ್. 'ದೃಶ್ಯ ಪರಿಣಾಮ' ಬೇಡ, ಅದು ನಾಟಕದ ಲೈಟಿನವರ ಮಾತು. ಫ್ಲೆಕ್ಸಿನ ಸಾಲು ಹೀಗಿದೆ:

"ಮೊದಲು ______ ಆರಿಸಿ. ಆಮೇಲೆ ಕೆಲಸ ಶುರು ಮಾಡಿ."

ಖಾಲಿ ಜಾಗ ತುಂಬಿ ಕೊಡಿ, ಪುಣ್ಯ ಬರುತ್ತದೆ.

ತೀರ್ಥಹಳ್ಳಿಯಿಂದ

ಕಂಗಸ. ಕಣ್ + ಕಸ, ಕಂಗೆಡು ಇದ್ದ ಹಾಗೆ. 'ಅಲಂಕಾರಗಸ' ಎಂದು ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ: ಸಂಸ್ಕೃತಕ್ಕೆ ಕನ್ನಡ ಬೆಸೆದ ಅರಿಸಮಾಸ. ಬೇಡ.

ಸಾಗರದಿಂದ

ಕಂಗಸ ಅಂದ್ರೆ ನಮ್ಮ ಕಡೆ ಬೆಳಗ್ಗೆ ಎದ್ದಾಗ ಕಣ್ಣಲ್ಲಿರುವ ಪಿಸುರು ಅಂದುಕೊಳ್ತಾರೆ ಮಾರಾಯ್ರೆ. ಮುಖ ತೊಳೆದುಕೊಂಡು ಬನ್ನಿ ಅಂತ ಫ್ಲೆಕ್ಸ್ ಹಾಕಿದಂಗಾಯ್ತು.

ಅಕ್ಕಾ, 'ಗಿಲೀಟು' ಹಾಕಿ. 2000ದ ಜನವರಿಯಲ್ಲಿ ಆಪಲ್‌ನವರು ಮ್ಯಾಕ್ ಪರದೆಯ ಹೊಸ ವೇಷ ಆಕ್ವಾ ತೋರಿಸಿದಾಗ, ನೋಡಿದವರಿಗೆ ನೆಕ್ಕಬೇಕು ಅನ್ನಿಸಬೇಕು ಎಂಬುದೇ ಒಂದು ಗುರಿ ಅಂತ ಸ್ಟೀವ್ ಜಾಬ್ಸ್ ಬಾಯಿಬಿಟ್ಟೇ ಹೇಳಿದ್ದರು. ಗುಂಡಿಯೆಲ್ಲ ಪೆಪ್ಪರಮೆಂಟಿನಂತೆ. 2007ರಲ್ಲಿ ವಿಂಡೋಸ್ ವಿಸ್ಟಾ ಬಂತು, ವಿಂಡೋ ಅಂಚಿಗೆಲ್ಲ ಗಾಜು. ಆ ಗಾಜು ಕಾಣಬೇಕಾದರೆ 1 ಜಿಬಿ ಮೆಮೊರಿ, 128 ಎಂಬಿ ಗ್ರಾಫಿಕ್ಸ್ ಬೇಕಿತ್ತು. 512 ಎಂಬಿಯ ಬಡವರಿಗೆ ವಿಸ್ಟಾ ಉಂಟು, ಗಾಜಿಲ್ಲ. ಗಿಲೀಟು ಅಲ್ಲದೆ ಇದು ಇನ್ನೆಂತದು?

ತೀರ್ಥಹಳ್ಳಿಯಿಂದ

ಗಿಲೀಟು ಇಂಗ್ಲಿಷಿನ ಗಿಲ್ಟ್. ಇಂಗ್ಲಿಷ್ ಬೇಡವೆಂದು ಹೊರಟು ಅದರ ಹಿತ್ತಲಿನಲ್ಲೇ ಬಿಡಾರ ಹೂಡಿದ ಹಾಗಾಯಿತು. ಕಂಗಸ ಒಗ್ಗದಿದ್ದರೆ 'ಹೊರೆಸಿಂಗಾರ' ಎನ್ನಿ.

ಶಂಕರಘಟ್ಟದಿಂದ

ಸಿಂಗಾರವೇನು ಅಚ್ಚಗನ್ನಡವೇ? ಶೃಂಗಾರದ ತದ್ಭವ. ಅರಿಸಮಾಸವೆಂದು ಊರನ್ನೆಲ್ಲ ಹೆದರಿಸಿದವರು ತಾವೇ ಅಲ್ಲವೇ?

ತೀರ್ಥಹಳ್ಳಿಯಿಂದ

ತದ್ಭವಕ್ಕೆ ಅರಿದೋಷವಿಲ್ಲ. ವ್ಯಾಕರಣಕಾರ ಕೇಶಿರಾಜ 13ನೇ ಶತಮಾನದಲ್ಲೇ ಅಪಭ್ರಂಶಕ್ಕೆಂದು, ಅಂದರೆ ತದ್ಭವಕ್ಕೆಂದು, ಒಂದು ಪ್ರಕರಣ ಬರೆದಿಟ್ಟಿದ್ದಾನೆ. ಓದಿ ಬನ್ನಿ.

ಸಾಗರದಿಂದ

ಕೇಶಿರಾಜನಿಗೆ ಅಡಿಕೆ ತೋಟ ಇತ್ತೋ ಇಲ್ಲವೋ. ನಮ್ಮಲ್ಲಿ ಸಿಂಗಾರ ಅಂದ್ರೆ ಅಡಿಕೆಯ ಹೂಗೊನೆ. ಹೊರೆಸಿಂಗಾರ ಅಂತ ಬರೆದರೆ ಈ ಸಲ ಫಸಲು ಜೋರು ಅಂತ ಜನ ಖುಷಿಪಡ್ತಾರೆ.

ಶಂಕರಘಟ್ಟದಿಂದ

ಜಗಳ ಬದಿಗಿರಲಿ. ಕೇಳಿದವರು ಎರಡು ಬೇರೆ ವಸ್ತುಗಳನ್ನು ಒಂದೇ ಚೀಲಕ್ಕೆ ತುಂಬಿದ್ದಾರೆ. ವಿಂಡೋ ಕೆಳಗಿನ ನೆರಳು ಬರೀ ಅಲಂಕಾರವಲ್ಲ, ಯಾವುದು ಮೇಲಿದೆ, ಯಾವುದು ಅಡಿಯಲ್ಲಿದೆ ಎಂದು ಹೇಳುತ್ತದೆ. ಗುಂಡಿಯ ಉಬ್ಬು 'ನನ್ನನ್ನು ಒತ್ತು' ಎನ್ನುತ್ತದೆ. 2012ರಲ್ಲಿ ವಿಂಡೋಸ್ 8, ಮರುವರ್ಷ ಐಫೋನಿನ ಐಓಎಸ್ 7 ಬಂದು ಎಲ್ಲವನ್ನೂ ಇಸ್ತ್ರಿ ಹಾಕಿದಂತೆ ಚಪ್ಪಟೆ ಮಾಡಿದ ಮೇಲೆ ನಮ್ಮ ತಂದೆಯವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಇದು ಓದೋದಾ, ಒತ್ತೋದಾ?" 2025ರಲ್ಲಿ ಆಪಲ್‌ನವರು ಲಿಕ್ವಿಡ್ ಗ್ಲಾಸ್ ಎಂದು ಮತ್ತೆ ಗಾಜು ತಂದಿದ್ದಾರೆ. ಹಿಂದಿನ ಚಿತ್ರ ಮುಂದಿನ ಅಕ್ಷರದೊಳಗೆ ಇಣುಕುತ್ತದೆ, ಓದಲು ಕಷ್ಟ.

ಇಂಗ್ಲಿಷಿನವರು ಈ ಹೊರಕವಚಕ್ಕೆ ಕ್ರೋಮ್ ಎನ್ನುತ್ತಾರೆ, ಲೋಹಕ್ಕೆ ಬಳಿಯುವ ಹೊಳಪು ಅದು. ಹಾಗಾದರೆ 'ಕಲಾಯಿ' ಎನ್ನೋಣವೇ ಎಂದು ನಾನೂ ಯೋಚಿಸಿದೆ. ಆದರೆ ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಸಾರು ಮಾಡಿ ನೋಡಿ, ಹುಳಿಗೆ ಕಿಲುಬು ಏಳುತ್ತದೆ. ಕಲಾಯಿ ಹೊಳೆಯುತ್ತದೆ, ದುಡಿಯುತ್ತದೆ ಕೂಡ. ಅದನ್ನು ಬೈಗುಳ ಮಾಡಬೇಡಿ.

ಅಲಂಕಾರವೆಲ್ಲ ಕಸ ಎನ್ನುವವರು ಸಾಗರದ ಕಡೆ ದೀವರ ಮನೆಯ ಹಸೆ ಚಿತ್ತಾರ ನೋಡಬೇಕು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಗೆರೆ ಗೆರೆಗೂ ಲೆಕ್ಕವಿದೆ, ಮದುಮಕ್ಕಳು ಕೂರುವ ಜಾಗ ಇದೇ ಎಂದು ಆ ಚಿತ್ತಾರ ತೋರಿಸುತ್ತದೆ. ಅದೇ ಚಿತ್ತಾರವನ್ನು ಮನೆಯ ಎಲ್ಲ ಗೋಡೆಗೂ, ಬಚ್ಚಲಿಗೂ, ಕೊಟ್ಟಿಗೆಗೂ ಬರೆದರೆ ಹಸೆ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಅಮೆರಿಕದ ವಿನ್ಯಾಸ ಪಂಡಿತ ಎಡ್ವರ್ಡ್ ಟಫ್ಟಿ 1983ರಲ್ಲಿ ಚಾರ್ಟ್‌ಜಂಕ್ (ನಕ್ಷೆಯ ಕಸ) ಎಂದು ಬೈದದ್ದು ಇಂಥದ್ದನ್ನೇ. ಅವರು ಹೇಳಿದ್ದು ಅಂಕಿಅಂಶದ ನಕ್ಷೆಗಳ ಬಗ್ಗೆ, ವಿಂಡೋ ಬಗ್ಗೆ ಅಲ್ಲ.

ಆದ್ದರಿಂದ ದುಡಿಯದೆ ಹೊಳೆಯುವುದು 'ಥಳುಕು'. ಹೆಚ್ಚಾಗಿ ಕಣ್ಣು ಕಟ್ಟುವುದು 'ಗೋಜಲು'. ನಿಮಗೆ ಬೇಕಾದದ್ದು ಥಳುಕು. ಹೊರಗೆ ಥಳುಕು ಒಳಗೆ ಹುಳುಕು ಎಂಬುದು ಎಲ್ಲರ ಬಾಯಲ್ಲೂ ಇದೆ, ವಿವರಿಸಬೇಕಿಲ್ಲ.

ಭದ್ರಾವತಿಯಿಂದ

ಥ ಯಾಕೆ? ಯಾರ ಬಾಯಲ್ಲಿ ಆ ಉಸಿರು ಇದೆ? ನುಡಿಯರಿಗ ಶಂಕರ ಭಟ್ಟರು ಮಹಾಪ್ರಾಣ ಬೇಡವೆಂದು ಇಶ್ಟೆಲ್ಲ ಬರೆದ ಮೇಲೂ ಅದನ್ನು ಹೊತ್ತು ತಿರುಗುವುದು ಬಿಟ್ಟಿಲ್ಲವಲ್ಲ. 'ತಳುಕು' ಎಂದು ಬರೆಯಿರಿ. ಇಲ್ಲವಾದರೆ 'ಜುಟ್ಟುಮಲ್ಲಿಗೆ' ಎನ್ನಿ. ಹೊಟ್ಟೆಗೆ ಹಿಟ್ಟಿಲ್ಲದ ಎರಡು ಜಿಬಿಗೆ ಅದೇ ಸರಿ.

ಶಂಕರಘಟ್ಟದಿಂದ

ತಳುಕು ಎಂದರೆ ಚಳ್ಳಕೆರೆ ತಾಲ್ಲೂಕಿನ ಊರು, ತ.ರಾ.ಸು. ಹೆಸರಿನ ಮೊದಲಕ್ಷರ. ಅದೂ ಅಲ್ಲದಿದ್ದರೆ ಹೆಣೆದುಕೊಳ್ಳುವುದು. ಮಹಾಪ್ರಾಣ ಕಿತ್ತರೆ ಥಳುಕು ಹೋಗಿ ತಳುಕಿಗೆ ತಳುಕು ಹಾಕಿಕೊಳ್ಳುತ್ತದೆ.

ಭದ್ರಾವತಿಯಿಂದ

ಸಂದರ್ಭ ನೋಡಿ ತಿಳಿದುಕೊಳ್ಳುವಶ್ಟು ಬುದ್ದಿ ಓದುಗರಿಗಿದೆ. ಸಂಸ್ಕ್ರುತದ ಚಾಕರಿ ಸಾಕು.

ತೀರ್ಥಹಳ್ಳಿಯಿಂದ

'ಸಂಸ್ಕ್ರುತ' ಓದಿ ಕಂಗೆಟ್ಟೆ. ಕಂಗಸ ಎಂದರೇನೆಂದು ಈಗಲಾದರೂ ಗೊತ್ತಾಗಿರಬೇಕು.

ಹೊಸನಗರದಿಂದ, ಸಂಜೆ ಐದೂಮುಕ್ಕಾಲು

ದಮ್ಮಯ್ಯ, ನಿಲ್ಲಿಸಿ. ಜುಟ್ಟುಮಲ್ಲಿಗೆ ಆಗುವುದಿಲ್ಲ, ತರಗತಿಗೆ ಬರುವವರಲ್ಲಿ ಅರ್ಧ ಜನ ಮಲ್ಲಿಗೆ ಮುಡಿದೇ ಬರುತ್ತಾರೆ. ಗಿಲೀಟಿಗೂ ಅದೇ ಕಷ್ಟ, ಬಳೆ ಕಡೆ ನೋಡಿಕೊಳ್ಳುತ್ತಾರೆ. 'ಥಳುಕು' ಕಳಿಸಿದ್ದೇನೆ, ಥ ಸಮೇತ. ಎಲ್ಲರಿಗೂ ಉಪಕಾರವಾಯಿತು.

ಹೊಸನಗರದಿಂದ, ಭಾನುವಾರ ರಾತ್ರಿ

ವರದಿ ಒಪ್ಪಿಸುತ್ತಿದ್ದೇನೆ. ಫ್ಲೆಕ್ಸ್ ಚೆನ್ನಾಗಿ ಬಂತು. ಕೆಂಪು ಹಿನ್ನೆಲೆ, ಹಳದಿ ಅಕ್ಷರ, ನಾನು ಹೇಳದಿದ್ದರೂ ಅಂಗಡಿಯವರು ಸುತ್ತ ಗುಲಾಬಿ ಹೂವಿನ ಬಾರ್ಡರ್ ಹಾಕಿದ್ದಾರೆ. ಥಳುಕು ಎಲ್ಲರಿಗೂ ಅರ್ಥವಾಯಿತು, ಒಬ್ಬರೂ ಕೇಳಲಿಲ್ಲ.

ಐದು ಯಂತ್ರದಲ್ಲಿ ಮೂರರಲ್ಲಿ ಸೆಟ್ಟಿಂಗ್ಸಿನ ಇದ್ದಬದ್ದ ಬಾಕ್ಸಿಗೆಲ್ಲ ಟಿಕ್ ಹಾಕಿದ್ದಾರೆ. ಹಿಂದೆ ಇಲ್ಲದ ನೆರಳು, ಮಿಂಚು ಎಲ್ಲ ಬಂದು ಕೂತಿವೆ. ಆ ಅಮ್ಮನನ್ನು ಕೇಳಿದೆ, ಯಾಕೆ ಹೀಗೆ ಮಾಡಿದಿರಿ ಅಂತ. "ನೀವೇ ಬರೆಸಿದ್ದೀರಲ್ಲ, ಥಳುಕು ಆರಿಸಿ ಅಂತ. ಹೋದ ವಾರ 'ಫೈಲ್ ಆರಿಸಿ' ಅಂದಾಗ ಒತ್ತಿ ಅಂದಿದ್ರಿ."

ನಾನು ಬರೆಯುವಾಗ ದೀಪ ಆರಿಸುವುದು ತಲೆಯಲ್ಲಿತ್ತು. ನೀವು ಇಷ್ಟು ಜನ ಆ ಸಾಲು ಓದಿದಿರಿ, ಒಬ್ಬರಾದರೂ ಹೇಳಬಾರದಿತ್ತೇ?

ತೀರ್ಥಹಳ್ಳಿಯಿಂದ

ಹಳಗನ್ನಡದಲ್ಲಿ ದೀಪ ಆಱುವುದಕ್ಕೆ ಶಕಟರೇಫ, ಅಂದರೆ ಱ ಎಂಬ ಹಳೆಯ ಅಕ್ಷರ. ಆಯ್ದುಕೊಳ್ಳುವ ಆರಿಸಿಗೆ ಅದಿಲ್ಲ. ಆ ಅಕ್ಷರವನ್ನು ಕೈಬಿಟ್ಟದ್ದರ ಫಲ ಇದು. 'ಥಳುಕು ಆಱಿಸಿ' ಎಂದು ಬರೆಸಿದ್ದರೆ ಗೊಂದಲವೇ ಇರುತ್ತಿರಲಿಲ್ಲ.

ಸಾಗರದಿಂದ

ಆ ಅಮ್ಮನಿಗೆ ಶಕಟರೇಫ ಓದಲು ಬರುತ್ತದಾ ಅಂತ ಆಮೇಲೆ ನೋಡೋಣ. ಫ್ಲೆಕ್ಸ್ ಅಂಗಡಿಯ ಫಾಂಟಿನಲ್ಲಿ ಅದು ಇದೆಯಾ, ಮೊದಲು ಕೇಳಿ ಮಾರಾಯ್ರೆ.

ಹೊಸನಗರದಿಂದ

ಫ್ಲೆಕ್ಸ್ ತಿರುಗಿಸಿ ನೇತುಹಾಕಿದ್ದೇನೆ. ಹಿಂಬದಿ ಬಿಳಿ ಇದೆ, ಮುಂದಿನ ಭಾನುವಾರ ಮಾರ್ಕರಿನಲ್ಲಿ 'ಟಿಕ್ ತೆಗೆಯಿರಿ' ಎಂದು ಬರೆಯುತ್ತೇನೆ. ಟಿಕ್‌ಗೆ ಕನ್ನಡ ಪದ ಯಾರೂ ಕೊಡಬೇಡಿ.